ಜಗಲಿಗೆ ಗಾಜು ಹಾಕಿಸುವ ಮುನ್ನ



ಹೊಸ ಮನೆಯನ್ನು ಕಟ್ಟುವುದು ಹೇಗೆಂದು ಹೇಳುವವರು ಬಹಳ ಮಂದಿ ಇದ್ದಾರೆ; ಕಟ್ಟಿದ ಮನೆಯನ್ನು ಕೆಡಿಸದೆ ಬದಲಾಯಿಸುವುದು ಹೇಗೆಂದು ಹೇಳುವವರು ವಿರಳ. ಹೊಸದಾಗಿ ಕಟ್ಟಿಸುವವರಿಗೆ ನಕ್ಷೆ ಬರೆದುಕೊಡಲು ಎಂಜಿನಿಯರು ಸಿಕ್ಕುತ್ತಾರೆ. ಹಳೆಯ ಮನೆಯ ಜಗಲಿಗೆ ನಾಲ್ಕು ಗಾಜಿನ ಕದಗಳನ್ನು ಇಡಿಸಿ, ಬೆಳಕು ತುಂಬಿದ ಒಂದು ಕೋಣೆಯನ್ನು ಮಾಡಿಕೊಳ್ಳೋಣವೆಂದು ಹೊರಟವರಿಗಾದರೋ ಬಡಗಿಯನ್ನೂ ಗಾರೆ ಕೆಲಸದವನನ್ನೂ ಬಿಟ್ಟರೆ ಬೇರೆ ಮಂತ್ರಿಗಳಿಲ್ಲ. ಇಂದು ನಾವು ಆ ಜಗಲಿಯ ವಿಷಯವನ್ನೇ ಮಾತನಾಡಬೇಕೆಂದಿದ್ದೇವೆ. ದೃಷ್ಟಾಂತಕ್ಕಾಗಿ ದೂರ ಹೋಗಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿಯ ಊರನ್ನೂ, ಅದರ ಹೆಬ್ಬಾಗಿಲಿನಂತಿರುವ ಬಂಗಾರಪೇಟೆಯನ್ನೂ ತೆಗೆದುಕೊಂಡರೆ ಸಾಕು.

ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂದು ಹೆಸರು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರು ಅದು. ಬೆಂಗಳೂರಿನಿಂದ ಮದರಾಸಿಗೆ ಹೋಗುವ ರೈಲುದಾರಿಯಲ್ಲಿ ಇಲ್ಲಿಂದ ಒಂದು ಕವಲು ಹೊರಟು, ಹತ್ತು ಮೈಲಿ ಸಾಗಿ, ಮಾರಿಕುಪ್ಪಂನಲ್ಲಿ ನಿಲ್ಲುತ್ತದೆ. ಆ ಕವಲಿನ ಉದ್ದಕ್ಕೂ ಗಣಿಯ ಊರು ಹರಡಿಕೊಂಡಿದೆ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಅಲ್ಲಿ ಕೆಲಸವನ್ನು ಪ್ರಾರಂಭಿಸಿದರು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದವು. 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿದವು. 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚಿದವು. ಚಿನ್ನ ತೆಗೆಯುವುದು ನಿಂತಿತು. ಮನೆಗಳು ನಿಂತೇ ಇವೆ, ಮನೆಗಳಲ್ಲಿ ಜನರೂ ಇದ್ದಾರೆ. ಇಂದಿನ ನಮ್ಮ ಮಾತಿಗೆ ಇದೇ ಮೂಲ.

ಆ ಮನೆಗಳಲ್ಲಿ ಮೂರು ತೆರನಾದವುಗಳನ್ನು ಕಾಣಬಹುದು. ಮೊದಲನೆಯವು, ಗಣಿಯ ಅಧಿಕಾರಿಗಳಿಗಾಗಿ ಕಟ್ಟಿದ ಬಂಗಲೆಗಳು; ಇವುಗಳ ಮುಂದೆ ಅಗಲವಾದ ವರಾಂಡ, ಮೇಲೆ ಎತ್ತರವಾದ ಮಾಡು. ಎರಡನೆಯವು, ಕೆಲಸಗಾರರ ಲೈನ್‌ಮನೆಗಳು. ಮೊದಮೊದಲು ಬಿದಿರಿನ ತಟ್ಟಿಯ ಗುಡಿಸಲುಗಳಾಗಿದ್ದವು, ಕಾಲಕ್ರಮದಲ್ಲಿ ಸಾಲುಮನೆಗಳಾದವು. ಇವುಗಳ ಮುಂದೆ ಒಬ್ಬರು ಕಾಲು ಚಾಚಿ ಕುಳಿತುಕೊಳ್ಳುವಷ್ಟು ಮಾತ್ರ ಸ್ಥಳ. ಮೂರನೆಯವು, ರಾಬರ್ಟ್‌ಸನ್ ಪೇಟೆಯಲ್ಲಿಯೂ ಬಂಗಾರಪೇಟೆಯಲ್ಲಿಯೂ ಬೀದಿಗೆ ಮುಖ ಮಾಡಿರುವ ಹಳೆಯ ಹೆಂಚಿನ ಮನೆಗಳು. ಮನೆ ಯಾವ ಬಗೆಯದಾದರೂ ಆಗಲಿ, ಬಾಗಿಲಿಗೂ ಬೀದಿಗೂ ನಡುವೆ ಒಂದು ನೆರಳಿನ ಸ್ಥಳವಿರುತ್ತದೆ. ಅದನ್ನು ನಾವು ಜಗಲಿ ಎನ್ನುತ್ತೇವೆ. ತಮಿಳರು ತಿಣ್ಣೈ ಎನ್ನುತ್ತಾರೆ. ತೆಲುಗರು ಅರುಗು ಎನ್ನುತ್ತಾರೆ. ಮೂರು ನುಡಿಗಳೂ ಒಂದೇ ಬೀದಿಯಲ್ಲಿ ಕೇಳಿಬರುವ ಆ ಊರಿನಲ್ಲಿ ಈ ವಸ್ತುವಿಗೆ ಮಾತ್ರ ಭೇದವಿಲ್ಲ.

ಈಗ ಆ ಜಗಲಿಗಳು ಒಂದೊಂದಾಗಿ ಮುಚ್ಚಿಹೋಗುತ್ತಿವೆ. ಕಾರಣಗಳನ್ನು ಹಳಿಯುವಂತಿಲ್ಲ. ಮಕ್ಕಳು ದೊಡ್ಡವರಾದರೆ ಇನ್ನೊಂದು ಕೋಣೆ ಬೇಕು. ಕಳ್ಳರ ಭಯ ಒಂದು. ಎಲ್ಲಕ್ಕಿಂತ ಮಿಗಿಲಾಗಿ ಧೂಳು. ಗಣಿಯ ಊರಿನಲ್ಲಿ ಕಲ್ಲನ್ನು ಅರೆದು ಚಿನ್ನವನ್ನು ತೆಗೆದ ಮೇಲೆ ಉಳಿದ ಪುಡಿಯು 13 ಗುಡ್ಡಗಳಾಗಿ ನಿಂತಿದೆ. ಅದು ಸುಮಾರು 3 ಕೋಟಿ 30 ಲಕ್ಷ ಟನ್ನುಗಳಷ್ಟಿದೆಯೆಂದು ಲೆಕ್ಕ. ಸೈನೈಡ್ ಗುಡ್ಡವೆಂದು ಜನ ಅದನ್ನು ಕರೆಯುತ್ತಾರೆ. ಆಷಾಢದ ಗಾಳಿ ಎದ್ದಿತೆಂದರೆ ಅದರ ಹಿಟ್ಟಿನಂಥ ಧೂಳು ಅನ್ನದ ತಟ್ಟೆಯವರೆಗೂ ಬರುತ್ತದೆ. ಇಂಥ ಸ್ಥಳದಲ್ಲಿ ಬಾಳುವವರು ಜಗಲಿಗೆ ಗಾಜು ಹಾಕಿಸುತ್ತೇವೆಂದರೆ ಅದನ್ನು ಷೋಕಿ ಎಂದು ಯಾರೂ ನಗಬಾರದು. ಮುಚ್ಚಬಾರದೆಂಬುದು ನಮ್ಮ ವಾದವಲ್ಲ. ಯಾವ ಕಡೆ ಮುಚ್ಚಬೇಕು, ಎಷ್ಟು ಮುಚ್ಚಬೇಕು, ಯಾರನ್ನು ಕೇಳಿ ಮುಚ್ಚಬೇಕು, ಈ ಮೂರೇ ನಮ್ಮ ಪ್ರಶ್ನೆಗಳು.

ಗಾಜಿನ ಕೋಣೆ ಎಂಬುದು ಶೀತದೇಶಗಳ ವಸ್ತು. ಇಂಗ್ಲೆಂಡಿನ ದಕ್ಷಿಣ ಮೂಲೆಯ ಕಾರ್ನ್‌ವಾಲ್ ಪ್ರಾಂತದಲ್ಲಿ ಡಿಸೆಂಬರಿನ ನಡುಹಗಲಿನಲ್ಲಿಯೂ ಸೂರ್ಯನು ದಿಗಂತದಿಂದ 16 ಡಿಗ್ರಿಗಳಷ್ಟು ಮಾತ್ರ ಮೇಲೇರುತ್ತಾನೆ. ಅಲ್ಲಿಯವರು ಆ ಅಷ್ಟಿಷ್ಟು ಬಿಸಿಲನ್ನು ಗಾಜಿನೊಳಗೆ ಹಿಡಿದಿಟ್ಟುಕೊಳ್ಳಲು ಹಂಬಲಿಸುವುದು ಸಹಜ. ಆ ಕಾರ್ನ್‌ವಾಲಿನಿಂದಲೇ ಅನೇಕ ಗಣಿಗಾರರು ಕೋಲಾರದ ಗಣಿಗೆ ಬಂದರು. ಬಂದವರಿಗಾಗಿ ಇಲ್ಲಿ ಎದ್ದ ಬಂಗಲೆಗಳಿಗೆ ಆಳವಾದ ವರಾಂಡಗಳನ್ನು ಇಟ್ಟರೆಂಬುದನ್ನು ನಾವು ಮರೆಯಬಾರದು. ಬಿಸಿಲಿಗೆ ಬಾಯಾರಿದ ನಾಡಿನವರೇ ಇಲ್ಲಿ ನೆರಳನ್ನು ಬಯಸಿದರು.

ಗಾಜಿನ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳೋಣ. ಸೂರ್ಯನ ಬೆಳಕು ಗಾಜನ್ನು ಸುಲಭವಾಗಿ ದಾಟಿ ಒಳಗೆ ಬರುತ್ತದೆ. ನೆಲವನ್ನೂ ಗೋಡೆಯನ್ನೂ ಕಾಯಿಸುತ್ತದೆ. ಕಾದ ನೆಲವು ಹೊರಸೂಸುವ ಶಾಖವು ಬೇರೆ ಜಾತಿಯದು. ಅದರ ತರಂಗಗಳು ಉದ್ದ. ಅವು ಗಾಜನ್ನು ದಾಟಿ ಹೋಗಲಾರವು. ಗಾಳಿಗೂ ದಾರಿಯಿಲ್ಲದಿದ್ದರೆ ಶಾಖವು ಒಳಗೇ ಸೆರೆಯಾಗುತ್ತದೆ. ಏಪ್ರಿಲಿನಲ್ಲಿ ಈ ಊರುಗಳ ಹಗಲಿನ ಉಷ್ಣವು 35 ಡಿಗ್ರಿ ಸೆಲ್ಸಿಯಸನ್ನು ದಾಟುವುದುಂಟು. ಅಂಥ ಮಧ್ಯಾಹ್ನದಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಗಾಜಿನ ಜಗಲಿಯು ಹಪ್ಪಳ ಒಣಗಿಸಲು ಯೋಗ್ಯವೇ ಹೊರತು ಮನುಷ್ಯರು ಕುಳಿತುಕೊಳ್ಳಲು ಯೋಗ್ಯವಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮುದುಕರಿಗೆ ಎಳೆಬಿಸಿಲು ಒಳ್ಳೆಯದು, ಮೂಳೆಗಳಿಗೆ ಬಲವೆಂದು ಗಾಜಿನ ಕೋಣೆಯನ್ನು ಮಾಡಿಸುವವರುಂಟು. ಚರ್ಮದಲ್ಲಿ ಡಿ ಜೀವಸತ್ತ್ವವನ್ನು ಉಂಟುಮಾಡುವ ಕಿರಣಗಳನ್ನು ಸಾಮಾನ್ಯವಾದ ಕಿಟಕಿ ಗಾಜು ಬಹುಮಟ್ಟಿಗೆ ತಡೆದುಬಿಡುತ್ತದೆ. ಗಾಜಿನ ಹಿಂದೆ ಕುಳಿತವರಿಗೆ ಬಿಸಿ ಮಾತ್ರ ಸಿಕ್ಕುತ್ತದೆ, ಆ ಗುಣ ಸಿಕ್ಕುವುದಿಲ್ಲ. ಅದು ಬೇಕೆನ್ನುವವರು ಕದವನ್ನು ತೆರೆದೇ ಕುಳಿತುಕೊಳ್ಳಬೇಕು.

ಈಗ ದಿಕ್ಕುಗಳನ್ನು ನೋಡೋಣ. ನಮ್ಮ ಈ ಊರುಗಳು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಗಳಲ್ಲಿವೆ. ಆದುದರಿಂದ ಏಪ್ರಿಲಿನ ಕೊನೆಯ ವಾರದಿಂದ ಆಗಸ್ಟಿನ ನಡುವಿನವರೆಗೆ ನಡುಹಗಲಿನ ಸೂರ್ಯನು ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಉಳಿದ ಕಾಲದಲ್ಲಿ ದಕ್ಷಿಣಕ್ಕಿರುತ್ತಾನೆ. ಡಿಸೆಂಬರಿನ ಕೊನೆಯಲ್ಲಿ ನಡುಹಗಲಿಗೆ ಅವನ ಎತ್ತರ ಸುಮಾರು 54 ಡಿಗ್ರಿ. ಈ ಲೆಕ್ಕದಿಂದ ಮನೆಯವರಿಗೆ ದೊಡ್ಡ ಉಪಕಾರವಾಗುತ್ತದೆ. ಜಗಲಿಯು ದಕ್ಷಿಣಕ್ಕಿದ್ದು, ನಾಲ್ಕಡಿ ಎತ್ತರದ ಕಿಟಕಿಯ ನೆತ್ತಿಯ ಮೇಲೆ ಒಂದೂವರೆ ಅಡಿಯ ಸೂರು ಚಾಚಿಕೊಂಡಿದೆಯೆಂದು ಇಟ್ಟುಕೊಳ್ಳೋಣ. ಡಿಸೆಂಬರಿನ ನಡುಹಗಲಿನಲ್ಲಿ ಕಿಟಕಿಯ ಕೆಳಗಿನ ಎರಡಡಿಗೆ ಬಿಸಿಲು ಬೀಳುತ್ತದೆ. ಮಾರ್ಚಿ ತಿಂಗಳ ಕೊನೆಗೆ ಇಡೀ ಕಿಟಕಿಯು ನೆರಳಿನಲ್ಲಿರುತ್ತದೆ. ಚಳಿಗೆ ಬೇಕಾದ ಬಿಸಿಲು ಒಳಗೆ, ಬೇಸಗೆಗೆ ಬೇಡವಾದ ಬಿಸಿಲು ಹೊರಗೆ. ಯಾವ ಯಂತ್ರವೂ ಬೇಕಾಗಿಲ್ಲ. ಗಾಜಿನ ಜಗಲಿಗೆ ದಕ್ಷಿಣವೇ ಎಲ್ಲಕ್ಕಿಂತ ಉತ್ತಮವಾದ ದಿಕ್ಕೆಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಪೂರ್ವದ ಜಗಲಿಯೂ ಕೆಟ್ಟದ್ದಲ್ಲ. ಬೆಳಗಿನ ಬಿಸಿಲು ಹಿತವಾದದ್ದು, ಹತ್ತು ಗಂಟೆಯ ಹೊತ್ತಿಗೆ ಮೇಲಕ್ಕೆ ಹೋಗಿಬಿಡುತ್ತದೆ. ಆದರೆ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಈಶಾನ್ಯದ ಮಳೆಯು ಎರಚಲಾಗಿ ಹೊಡೆಯುವುದು ಈ ಕಡೆಯಿಂದಲೇ. ಕದಗಳ ಕೆಳಗಂಚನ್ನು ನೀರಿಳಿಯುವಂತೆ ಹೊರಕ್ಕೆ ಇಳಿಜಾರಾಗಿ ಮಾಡಿಸಬೇಕು. ಉತ್ತರದ ಜಗಲಿಯಲ್ಲಿ ಓದುವುದಕ್ಕೂ ಹೊಲಿಯುವುದಕ್ಕೂ ಸಮನಾದ ಬೆಳಕು ದೊರೆಯುತ್ತದೆ, ಬಿಸಿಲಿನ ಕಾಟ ಕಡಮೆ.

ಪಶ್ಚಿಮದ್ದೇ ತೊಡಕು. ಏಪ್ರಿಲಿನ ಸಂಜೆ ನಾಲ್ಕೂವರೆ ಗಂಟೆಗೆ ಸೂರ್ಯನು ಇಳಿದಿರುತ್ತಾನೆ. ಮೂರಡಿ ಚಾಚಿದ ಸೂರು ಕೂಡ ಎರಡಡಿಗಿಂತ ಕಡಮೆ ಎತ್ತರಕ್ಕೆ ಮಾತ್ರ ನೆರಳು ಕೊಡುತ್ತದೆ. ಸೂರನ್ನು ಎಷ್ಟು ಬೆಳೆಸಿದರೂ ಫಲವಿಲ್ಲ. ಇಲ್ಲಿ ಬೇಕಾದದ್ದು ನಿಂತ ಮರೆ: ಮರದ ಜಾಲರಿ, ಬಿದಿರಿನ ತಟ್ಟಿ, ಲಾವಂಚದ ತಟ್ಟಿ, ಅಥವಾ ನಾಲ್ಕು ಹೆಜ್ಜೆ ಮುಂದೆ ನೆಟ್ಟ ಒಂದು ಬೇವಿನ ಗಿಡ. ಮರೆಯು ಗಾಜಿನ ಹೊರಗಡೆ ಇರಬೇಕೆಂಬುದನ್ನು ಒತ್ತಿ ಹೇಳುತ್ತೇವೆ. ಒಳಗಡೆ ಪರದೆ ಕಟ್ಟುವವರೇ ಹೆಚ್ಚು; ಆದರೆ ಪರದೆಗೆ ತಗಲುವ ಹೊತ್ತಿಗೆ ಬಿಸಿಲು ಮನೆಯೊಳಗೆ ಬಂದಾಗಿರುತ್ತದೆ. ಶತ್ರುವನ್ನು ಕೋಟೆಯ ಹೊರಗೆ ತಡೆಯಬೇಕೇ ಹೊರತು ಅಂತಃಪುರದಲ್ಲಲ್ಲ.

ಆದರೆ ಧೂಳಿನ ಆಷಾಢಗಾಳಿ ಬೀಸುವುದೂ ಪಶ್ಚಿಮದಿಂದಲೇ. ಮುಚ್ಚಿದರೆ ಶೆಕೆ, ತೆರೆದರೆ ಧೂಳು. ಗಣಿಯ ಊರಿನ ಮನೆಯ ಕಷ್ಟವೆಲ್ಲ ಈ ಎರಡು ಮಾತುಗಳಲ್ಲಿದೆ. ಇದಕ್ಕೆ ನಾವು ಕಾಣುವ ಉಪಾಯವೊಂದೇ: ಗಾಜನ್ನು ಗೋಡೆಯೆಂದು ಭಾವಿಸದೆ ಕದವೆಂದು ಭಾವಿಸುವುದು. ಕದಲದಂತೆ ಕೂಡಿಸಿದ ದೊಡ್ಡ ಗಾಜಿನ ಹಲಗೆ ಬೇಡ. ಪೂರ್ತಿಯಾಗಿ ಮಡಿಸಿ ಪಕ್ಕಕ್ಕೆ ಸರಿಸಬಹುದಾದ ಕಿರಿಯ ಕದಗಳಿರಲಿ. ಗಾಳಿ ಬೀಸುವ ತಿಂಗಳುಗಳಲ್ಲಿ ಗಾಳಿಯ ಕಡೆಯವನ್ನು ಮುಚ್ಚಿ, ಮರೆಯ ಕಡೆಯವನ್ನು ತೆರೆದಿಡಬೇಕು. ಮಾಡಿಗೆ ಹತ್ತಿರವಾಗಿ, ಕಾದ ಗಾಳಿ ಹೊರಗೆ ಹೋಗುವುದಕ್ಕೆ, ಸಣ್ಣ ಕಣ್ಣಿನ ಜಾಲರಿ ಹೊಡೆದ ಗವಾಕ್ಷಿಗಳಿರಬೇಕು. ಬಿಸಿಗಾಳಿಯು ಮೇಲೇರುವುದು ಪ್ರಕೃತಿನಿಯಮ. ಮೇಲೆ ದಾರಿ ಕೊಟ್ಟರೆ ಕೆಳಗಿನಿಂದ ತಂಪುಗಾಳಿ ತಾನಾಗಿ ಬರುತ್ತದೆ. ಒಳಗೆ ಬಿದ್ದ ಧೂಳನ್ನು ಪೊರಕೆಯಿಂದ ಗುಡಿಸಿದರೆ ಅದು ಮತ್ತೆ ಎದ್ದು ಮೂಗಿಗೆ ಸೇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಕು. ಕಡಪದ ಕಲ್ಲಿನ ನೆಲವಾಗಲಿ ಕೆಂಪು ಗಾರೆಯ ನೆಲವಾಗಲಿ ಇದಕ್ಕೆ ಅನುಕೂಲ.

ಜಗಲಿಯನ್ನು ಮುಚ್ಚಿದರೆ ಬದಲಾಗುವುದು ಜಗಲಿಯೊಂದೇ ಅಲ್ಲ. ಅದರ ಹಿಂದಿನ ನಡುಮನೆಯು ಉಸಿರಾಡುವುದು ಜಗಲಿಯ ಮೂಲಕ. ಲೈನ್‌ಮನೆಯಂಥ ಕಿರಿಯ ಮನೆಯಲ್ಲಿ ಮುಂಬಾಗಿಲೊಂದೇ ಗಾಳಿಯ ದಾರಿಯಾಗಿದ್ದರೆ, ಮುಂದೆ ಹೊಸ ಕೋಣೆ ಹುಟ್ಟಿದ ದಿನವೇ ಹಿಂದಿನ ಕೋಣೆ ಕತ್ತಲೆಗೆ ಬೀಳುತ್ತದೆ. ಹಗಲಿನಲ್ಲಿಯೇ ದೀಪ ಹಚ್ಚಬೇಕಾಗುತ್ತದೆ. ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿಯೇ, ಬೆಂಗಳೂರಿಗೂ ಮುಂಚೆ, ಈ ಗಣಿಗೆ ಬಂದಿತೆಂಬುದು ಹೆಮ್ಮೆಯ ಮಾತು. ಆದರೆ ಹಗಲಿನ ಬೆಳಕನ್ನು ಕಳೆದುಕೊಳ್ಳಲು ಅದು ಕಾರಣವಾಗಬಾರದು. ಮೊದಲು ಹಿಂದಿನ ಕೋಣೆಗೆ ಹಿತ್ತಲ ಕಡೆ ಒಂದು ಕಿಟಕಿಯನ್ನೋ, ಹೆಂಚಿನ ಮಾಡಾದರೆ ಎರಡು ಗಾಜಿನ ಹೆಂಚುಗಳನ್ನೋ ಒದಗಿಸಿ, ಆಮೇಲೆ ಜಗಲಿಗೆ ಕೈಹಾಕಬೇಕು. ಮುಚ್ಚಿದ ಜಗಲಿಯಲ್ಲಿ ಚಳಿಗೆಂದು ಇದ್ದಲಿನ ಒಲೆಯನ್ನು ಎಂದಿಗೂ ಇಡಕೂಡದು. ಅದರಿಂದ ಹೊರಡುವ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಏಳಗೊಡದು.

ಕಟ್ಟಡದ ಮಾತನ್ನೂ ಎರಡು ಆಡೋಣ. ಹಳೆಯ ಗೋಡೆಯು ತನ್ನ ಭಾರಕ್ಕೆ ಹೊಂದಿಕೊಂಡು ನಿಂತು ಎಷ್ಟೋ ವರ್ಷಗಳಾಗಿರುತ್ತವೆ. ಹೊಸ ತಳಪಾಯವು ಇನ್ನು ಮೇಲೆ ಕುಸಿಯಬೇಕಾಗಿರುತ್ತದೆ. ಎರಡನ್ನೂ ಬಿಗಿಯಾಗಿ ಬೆಸೆದರೆ ಬಿರುಕು ನಿಶ್ಚಯ. ಹೊಸ ಕಂಬಗಳು ತಮ್ಮ ಕಾಲ ಮೇಲೆ ತಾವು ನಿಲ್ಲಲಿ. ಸಂದಿಯಲ್ಲಿ ಸ್ವಲ್ಪ ಎಡೆಯಿರಲಿ. ಗಣಿಯ ಊರಿನಲ್ಲಿ ಈ ಎಚ್ಚರ ಇಮ್ಮಡಿ ಬೇಕು. ಗಣಿ ನಡೆಯುತ್ತಿದ್ದಾಗ ಭೂಮಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳ ಗೋಡೆಗಳು ನಡುಗಿ ಬಿರುಕು ಬಿಡುತ್ತಿದ್ದುದುಂಟು. ಅಂಥ ಗೋಡೆಗಳಿಗೆ ದೊಡ್ಡ ಗಾಜನ್ನು ತಗಲುಹಾಕುವುದು ವಿವೇಕವಲ್ಲ. ಸುಣ್ಣದ ಗಾರೆಯಿಂದಲೋ ಮಣ್ಣಿನಿಂದಲೋ ಕಟ್ಟಿದ ಗೋಡೆಗೆ ಸಿಮೆಂಟನ್ನು ಬಳಿದರೆ ಒಳಗಿನ ತೇವ ಹೊರಗೆ ಬಾರದೆ ಗೋಡೆ ಹಾಳಾಗುತ್ತದೆ. ಸುಣ್ಣಕ್ಕೆ ಸುಣ್ಣವೇ ಸರಿ. ಹೊಸ ಮಾಡು ಹಳೆಯ ಗೋಡೆಯನ್ನು ಮುಟ್ಟುವೆಡೆಯಲ್ಲಿ ತಗಡಿನ ಪಟ್ಟಿಯನ್ನು ಗೋಡೆಯೊಳಕ್ಕೆ ಸೇರಿಸಿ ಬಗ್ಗಿಸದಿದ್ದರೆ ಮೊದಲನೆಯ ಮಳೆಗೇ ಸೋರುತ್ತದೆ. ಹಳೆಯ ಆಸ್‌ಬೆಸ್ಟಾಸ್ ಶೀಟುಗಳಿದ್ದರೆ ಅವನ್ನು ಗರಗಸದಿಂದ ಕೊಯ್ಯುವುದಾಗಲಿ ಒಡೆಯುವುದಾಗಲಿ ಕೂಡದು. ಅದರ ಧೂಳು ಶ್ವಾಸಕೋಶಕ್ಕೆ ಮಹಾಶತ್ರು.

ಕೆಲಸಕ್ಕೆ ಮುಂಚೆ ಮನೆಯ ಹಕ್ಕುಪತ್ರವನ್ನೂ ನೋಡಿಕೊಳ್ಳಬೇಕು. ಗಣಿಯ ಮನೆಗಳು ಮೂಲತಃ ಕಂಪೆನಿಯವು. ಮನೆ ಇನ್ನೂ ತಮ್ಮ ಹೆಸರಿಗೆ ಆಗಿಲ್ಲದವರು ಇಟ್ಟಿಗೆ ಗಾರೆಗಳಲ್ಲಿ ಹಣವನ್ನು ಹುಗಿಯುವುದಕ್ಕಿಂತ, ಬಿಚ್ಚಿ ಒಯ್ಯಬಹುದಾದ ಮರದ ಚೌಕಟ್ಟುಗಳನ್ನು ಮಾಡಿಸಿಕೊಳ್ಳುವುದು ಕ್ಷೇಮ. ಸ್ವಂತ ಮನೆಯಾದರೂ ಬೀದಿಯ ಕಡೆಗೆ ಚಾಚುವ ಮುನ್ನ ನಗರಸಭೆಯ ಒಪ್ಪಿಗೆಯನ್ನು ಪಡೆಯತಕ್ಕದ್ದು.

ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯವಾದ ಮಾತು ಉಳಿದಿದೆ: ಯಾರನ್ನು ಕೇಳಿ ಮುಚ್ಚಬೇಕು? ಗಣಿ ನಿಂತ ಮೇಲೆ ಆ ಊರಿನಿಂದ ಸಾವಿರಾರು ಮಂದಿ ಪ್ರತಿದಿನ ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಇರುಳಿನಲ್ಲಿ ಹಿಂತಿರುಗುತ್ತಾರೆ. ದುಡಿದು ಹಣ ತರುವವರು ಇವರು. ಜಗಲಿಗೆ ಗಾಜು ಹಾಕಿಸಲು ತೀರ್ಮಾನಿಸುವವರೂ ಇವರೇ. ಇವರು ಆ ಕೋಣೆಯನ್ನು ಕಾಣುವುದು ರಾತ್ರಿ ಎಂಟರ ಮೇಲೆ, ತಂಪಾದ ಹೊತ್ತಿನಲ್ಲಿ, ದೀಪದ ಬೆಳಕಿನಲ್ಲಿ. ಆಗ ಅದು ಅಂದವಾಗಿಯೇ ಇರುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಅಲ್ಲಿ ಕುಳಿತಿರುವವರು ಮನೆಯ ಹಿರಿಯರು. ಅವರಲ್ಲಿ ಎಷ್ಟೋ ಮಂದಿ ಸೂರ್ಯನನ್ನೇ ಕಾಣದ ಆಳದಲ್ಲಿ, ಕಲ್ಲುಧೂಳಿನ ನಡುವೆ, ಯೌವನವನ್ನು ಕಳೆದವರು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗಿಂತ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿಯ ಬಂಡೆಯೇ ಮುಟ್ಟಲಾರದಷ್ಟು ಬಿಸಿ. ಅಂಥ ಸ್ಥಳದಲ್ಲಿ ದುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ವ್ಯಾಧಿಯನ್ನು ಹೊತ್ತು ಮೇಲೆ ಬಂದವನಿಗೆ ಜಗಲಿಯ ಗಾಳಿ ಔಷಧಕ್ಕೆ ಸಮಾನ. ಅವನಿಗೆ ಮನೆಯ ಬಾಗಿಲಿನಲ್ಲಿಯೇ ಇನ್ನೊಂದು ಬಿಸಿಯ ಗೂಡನ್ನು ಕಟ್ಟಿಕೊಡುವುದು ಮಗನ ಉದ್ದೇಶವಾಗಿರಲಾರದು. ಆದರೆ ಕೇಳದೆ ಕಟ್ಟಿದರೆ ಪರಿಣಾಮ ಅದೇ ಆಗುತ್ತದೆ.

ಜಗಲಿಯಿಂದ ಇನ್ನೊಂದು ಪ್ರಯೋಜನವಿದೆ. ಅದಕ್ಕೆ ಬೆಲೆ ಕಟ್ಟುವುದು ಕಷ್ಟ. ಬೀದಿಯಲ್ಲಿ ಹೋಗುವವರು "ಏನು ತಾತ, ಊಟವಾಯಿತೆ?" ಎಂದು ಕೇಳುವುದು ಜಗಲಿಯಿರುವ ಮನೆಯಲ್ಲಿ. ತರಕಾರಿಯವಳು ಬುಟ್ಟಿಯಿಳಿಸಿ ಎರಡು ಗುಟುಕು ನೀರು ಕುಡಿಯುವುದೂ, ಶಾಲೆಯಿಂದ ಬಂದ ಪಕ್ಕದ ಮನೆಯ ಮಗು ಮಳೆಗೆ ನಿಲ್ಲುವುದೂ ಅಲ್ಲಿಯೇ. ಹಗಲೆಲ್ಲ ಒಂಟಿಯಾಗಿರುವ ವೃದ್ಧರಿಗೆ ಇದು ಜೀವದ ಸಂಗತಿ. ಮುಚ್ಚಿದ ಗಾಜಿನ ಮೂಲಕ ಬೀದಿ ಕಾಣುತ್ತದೆ, ಆದರೆ ಬೀದಿಯ ಮಾತು ಕೇಳಿಸುವುದಿಲ್ಲ. ಜಗಲಿಯ ಒಂದು ಅಂಕಣವನ್ನಾದರೂ ಗಾಜಿಲ್ಲದೆ, ಎರಡಡಿಯ ಕಟ್ಟೆಯೊಡನೆ, ಹಾಗೆಯೇ ಉಳಿಸಿರೆಂದು ನಾವು ಕೇಳಿಕೊಳ್ಳುತ್ತೇವೆ. ಕಳ್ಳರ ಭಯವಿದ್ದರೆ ಅದಕ್ಕೆ ಕಬ್ಬಿಣದ ಸರಳುಗಳಿರಲಿ.

ಕೊನೆಯದಾಗಿ ಒಂದು ಸುಲಭವಾದ ಪರೀಕ್ಷೆಯನ್ನು ಸೂಚಿಸುತ್ತೇವೆ. ಗಾಜಿಗೆ ಹಣ ಕೊಡುವ ಮೊದಲು ಒಂದು ವರ್ಷ ಬಿದಿರಿನ ತಟ್ಟಿಗಳನ್ನು ಕಟ್ಟಿ ನೋಡಿರಿ. ಡಿಸೆಂಬರ್ 22, ಮಾರ್ಚಿ 21, ಜೂನ್ 21, ಈ ಮೂರು ದಿನಗಳಲ್ಲಿ ಬೆಳಗ್ಗೆ ಒಂಬತ್ತಕ್ಕೆ, ನಡುಹಗಲಿಗೆ, ಸಂಜೆ ನಾಲ್ಕಕ್ಕೆ ಬಿಸಿಲು ಎಲ್ಲಿಯವರೆಗೆ ಬರುತ್ತದೆಯೋ ಅಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಅದನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿರಿ. ಆ ಗೆರೆಗಳನ್ನು ಎಳೆಯುವ ಕೆಲಸವನ್ನು ಹಗಲಿನಲ್ಲಿ ಮನೆಯಲ್ಲಿರುವ ಹಿರಿಯರಿಗೇ ಒಪ್ಪಿಸಿರಿ. ವರ್ಷ ಕಳೆಯುವ ಹೊತ್ತಿಗೆ ಯಾವ ಕದ ಬೇಕು, ಯಾವುದು ಬೇಡವೆಂಬುದನ್ನು ಅವರೇ ಹೇಳುತ್ತಾರೆ. ಬಡಗಿಯನ್ನು ಆಮೇಲೆ ಕರೆಸಿದರಾಯಿತು.